ಎಫೀ ಹೆಣೆದ ಕೊನೆಯ ಪಂಜರಗಳು

ಎಫೀ ಪರ್ವಿಸ್ ಗಾಳಿಯ ದಿಕ್ಕು ತಿಳಿಯುತ್ತಿದ್ದದ್ದು ಹಿತ್ತಲಿನ ಬಟ್ಟೆಹಗ್ಗ ನೋಡಿ. ಗಂಡ ವಾಟಿಯ ಅಂಗಿಗಳು ಕಡಲಿನ ಕಡೆ ತೋಳು ಚಾಚಿದರೆ ಪಡುವಣ ಗಾಳಿ, ಮನೆಯ ಕಡೆ ಚಾಚಿದರೆ ಮೂಡಣ. ಆ ವರ್ಷ ಏಪ್ರಿಲ್ ಹತ್ತರಿಂದ ಅಂಗಿಗಳು ಒಂದೇ ಸಮನೆ ಮನೆಯತ್ತಲೇ ಕೈ ಚಾಚಿಕೊಂಡಿದ್ದವು. ಬೆಳಿಗ್ಗೆ ಹಾಕಿದ ಬಟ್ಟೆ ಸಂಜೆಗೆ ಒಣಗಿರುತ್ತಿರಲಿಲ್ಲ, ಸುಮ್ಮನೆ ತಣ್ಣಗೆ ಸೆಟೆದುಕೊಂಡಿರುತ್ತಿತ್ತು.

ಸ್ಕಾಟ್‌ಲೆಂಡಿನ ಮೂಡಣ ದಂಡೆಯ ಸ್ಕಾರ್‌ಹೇವನ್‌ನಲ್ಲಿ ವಸಂತ ಬರುವುದೇ ಹೀಗೆ. ಇಪ್ಪತ್ತು ಮೈಲಿ ಒಳಗೆ ಜನ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿರುತ್ತಾರೆ. ಇಲ್ಲಿ ಕಡಲಮಂಜು ಬಂದು ಬೀದಿಯ ಕೊನೆಯ ಮನೆಯನ್ನೇ ನುಂಗಿಬಿಟ್ಟಿರುತ್ತದೆ. ಹವಾಮಾನ ಹೇಳುವವರಿಗೆ ಎರಡೂ ಒಂದೇ. ಫೋನಿನಲ್ಲಿ ಊರ ಹೆಸರಿನ ಪಕ್ಕ ಹಳದಿ ಸೂರ್ಯ, ಹದಿನೇಳು ಡಿಗ್ರಿ. ಬಾಗಿಲು ತೆಗೆದರೆ ಆರು.

"ಫೋನನ್ನೇ ಹಗ್ಗಕ್ಕೆ ಸಿಕ್ಕಿಸೇ," ಎಂದಳು ಪಕ್ಕದ ಮನೆಯ ಟೀನಿ ಅಜ್ಜಿ, ಬೇಲಿಯ ಆಚೆಯಿಂದ. ಎಂಬತ್ತನಾಲ್ಕು ವರ್ಷದ ಜೀವ. "ಬಿಸಿಲು ಇರೋದು ಅದರೊಳಗೆ ಮಾತ್ರ. ಬಟ್ಟೆನ ಅದರ ಮುಂದೆ ಹಿಡಿ, ಒಣಗತ್ತೆ."

"ನಿನ್ನ ಮಂಡಿ ಏನು ಹೇಳತ್ತೆ ಅಜ್ಜಿ?"

"ನನ್ನ ಮಂಡಿ ಮೂವತ್ತು ವರ್ಷದಿಂದ ಮಳೆ ಅಂತಾನೇ ಹೇಳ್ತಿದೆ. ಒಂದೊಂದು ಸಲ ಸರಿಯಾಗಿರತ್ತೆ. ಅವರಿಗಿಂತ ವಾಸಿ."

ಎಫೀ ಹುಟ್ಟಿದ್ದು ಅದೇ ಬೀದಿಯಲ್ಲಿ, ಮೂರು ಮನೆ ಆಚೆ. ಏಳನೇ ವರ್ಷಕ್ಕೆ ಅವಳಜ್ಜಿ ಕೈಗೆ ಬಲೆಸೂಜಿ ಕೊಟ್ಟು ಮಣೆಯ ಮೇಲೆ ಕೂರಿಸಿದ್ದಳು. ಗಂಟು ಸಡಿಲವಾದರೆ ಅಜ್ಜಿ ಮಾತಾಡುತ್ತಿರಲಿಲ್ಲ, ಅಷ್ಟನ್ನೂ ಬಿಚ್ಚಿ ತೊಡೆಯ ಮೇಲೆ ಹಾಕಿಬಿಡುತ್ತಿದ್ದಳು. ಹದಿನಾರಕ್ಕೆ ಮೀನು ಹಸನು ಮಾಡುವ ಶೆಡ್ಡಿನಲ್ಲಿ ಕೆಲಸ, ಇಪ್ಪತ್ತೆರಡಕ್ಕೆ ವಾಟಿಯ ಜೊತೆ ಮದುವೆ. ವಾಟಿಗೆ ಒಬ್ಬನೇ ನಡೆಸುವಂಥ ಒಂದು ಸಣ್ಣ ದೋಣಿ, ಏಡಿ ಮತ್ತು ಲಾಬ್‌ಸ್ಟರ್ ಹಿಡಿಯುವ ಪಂಜರಗಳು. ಪಂಜರದ ಚೌಕಟ್ಟು ಅವನದು, ಅದಕ್ಕೆ ಹಸಿರು ದಾರದ ಬಲೆ ಹೆಣೆಯುವುದು ಅವಳದು. ಮೂವತ್ತೊಂಬತ್ತು ಚಳಿಗಾಲ ಹೀಗೇ ಕಳೆಯಿತು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು, ಮಗಳು ಮೇಜಿನಡಿಯಲ್ಲಿ ದಾರದ ಉಂಡೆ ಉರುಳಿಸುತ್ತಿದ್ದಳು. ಆ ಮಗಳು ಈಗ ಗ್ಲಾಸ್ಗೋದಲ್ಲಿ ನರ್ಸು.

ಹೋದ ಚಳಿಗಾಲದಲ್ಲಿ ಎಫೀಯ ಬೆರಳಿನ ಗೆಣ್ಣುಗಳು ಊದಿಕೊಂಡವು. ಇನ್ನು ಬಿಗಿ ಗಂಟು ಹಾಕಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಎಫೀ ತಲೆಯಾಡಿಸಿ ಮನೆಗೆ ಬಂದು, ಕೈಯನ್ನು ಬಿಸಿನೀರಲ್ಲಿ ಅದ್ದಿ ಅದ್ದಿ, ನವೆಂಬರಿನಿಂದ ಮಾರ್ಚ್‌ವರೆಗೆ ನೂರಿಪ್ಪತ್ತು ಪಂಜರ ಮುಗಿಸಿದಳು. ಕೊನೆಯದನ್ನು ಬಾಗಿಲ ಬಳಿ ಇಟ್ಟು, "ಇಷ್ಟೇ. ಇನ್ನು ನನ್ನ ಕೈಲಾಗಲ್ಲ," ಎಂದಳು.

ವಾಟಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಸರಿ ಹಾಗಾದ್ರೆ. ಇವು ಸವೆಯೋವರೆಗೆ ಹೋಗ್ತೀನಿ. ಆಮೇಲೆ ನಿನ್ನ ಜೊತೆ ಕಿಟಕಿ ಪಕ್ಕ ಕೂತು ಹೋಗೋರನ್ನೆಲ್ಲ ಬೈತೀನಿ."

"ಅಂಗಡಿಯಲ್ಲೂ ಸಿಗತ್ತಲ್ಲ."

"ಯಾರು ಹಾಕಿದ ಗಂಟೋ ಏನೋ. ಅದನ್ನ ನಂಬ್ಕೊಂಡು ಕಡಲಿಗೆ ಹೋಗೋಕೆ ನಂಗೆ ಬರಲ್ಲ."

ಒಳ್ಳೆಯ ಪಂಜರ ಏಳೆಂಟು ವರ್ಷ ಬರುತ್ತದೆ. ವಾಟಿಗೆ ಆಗ ಅರವತ್ಮೂರು. ಬೇರೆ ಮಾತು ಬೇಕಾಗಲಿಲ್ಲ. ಇಬ್ಬರ ಮುಂದಿನ ದಿನಗಳು ಅಲ್ಲಿಗೆ ಗೊತ್ತಾಗಿ ಹೋದವು.

ಏಪ್ರಿಲ್ ಬಂದರೆ ಲಾಬ್‌ಸ್ಟರುಗಳು ದಂಡೆಯ ಬಂಡೆಗಳ ಸಂದಿಗೆ ಬರುತ್ತವೆ. ವಾಟಿ ಪಂಜರಗಳನ್ನು ಇಪ್ಪತ್ತಿಪ್ಪತ್ತರಂತೆ ಒಂದೊಂದು ಹಗ್ಗಕ್ಕೆ ಕಟ್ಟಿ, ಬಂಡೆಗಳಿಗೆ ತೀರ ಹತ್ತಿರ ಇಳಿಸಿದ್ದ. ಅಲ್ಲಿ ಫಸಲು ಜಾಸ್ತಿ, ಆದರೆ ಮೂಡಣ ಗಾಳಿ ಜೋರಾದರೆ ಕಡಲು ಎಲ್ಲವನ್ನೂ ಆ ಬಂಡೆಗೇ ಬಡಿಯುತ್ತದೆ. ಗಾಳಿ ಏಳುವ ಮುಂಚೆ ಆಳಕ್ಕೆ ಒಯ್ದು ಬಿಡಬೇಕು. ಇದು ಊರಿನ ಮಕ್ಕಳಿಗೂ ಗೊತ್ತು. ಆಗ ಬೀಸುತ್ತಿದ್ದದ್ದು ಮೂಳೆ ಕೊರೆಯುವ ತೆಳು ಗಾಳಿ. ಮೈಗೆ ಕಷ್ಟ, ಪಂಜರಕ್ಕೆ ಅಲ್ಲ. ಇಪ್ಪತ್ತನಾಲ್ಕರ ಶನಿವಾರ ಅಲೆ ಸ್ವಲ್ಪ ಏರಿತು. ಅವತ್ತು ಸಂಜೆ ರೇಡಿಯೋ, ಟಿವಿ, ಫೋನು ಮೂರೂ ಒಂದೇ ರಾಗ ಹಾಡಿದವು: ಸೋಮವಾರದಿಂದ ಹಿತವಾದ ಪಡುವಣ ಗಾಳಿ.

ಭಾನುವಾರ ಬೆಳಿಗ್ಗೆ ಗಾಳಿ ನಿಂತೇ ಹೋಯಿತು. ಹಗ್ಗದ ಮೇಲಿನ ಬಟ್ಟೆ ಜೋತುಬಿದ್ದಿತ್ತು. ವಾಟಿ ಕಿಟಕಿಯ ಹತ್ತಿರ ಟೀ ಹಿಡಿದು ಬಹಳ ಹೊತ್ತು ನಿಂತ. ಎಫೀ ಅವನ ಚರ್ಚಿನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ಎಫೀ, ಹೋಗಿ ಬರ್ಲಾ?"

ಪಂಜರಗಳನ್ನು ಆಳಕ್ಕೆ ಒಯ್ಯುವ ಮಾತೆಂದು ಅವಳಿಗೆ ಕೇಳದೆಯೇ ಗೊತ್ತಾಯಿತು. ಸ್ಕಾರ್‌ಹೇವನ್‌ನಲ್ಲಿ ಭಾನುವಾರ ದೋಣಿ ಹೊರಡುವುದಿಲ್ಲ. ಕಾನೂನಿಲ್ಲ, ತಡೆಯುವವರೂ ಇಲ್ಲ, ಹೊರಡುವುದಿಲ್ಲ, ಅಷ್ಟೆ. ಮೂವತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು.

"ಅದೇನು ಅಷ್ಟು ಅವಸರ? ಮೂರೂ ಕಡೆ ಹೇಳ್ತಿದ್ದಾರೆ, ನಾಳೆ ಪಡುವಣ ಅಂತ."

"ಹೇಳ್ತಿದ್ದಾರೆ."

"ಮತ್ತೆ? ಒಂದು ದಿನಕ್ಕೋಸ್ಕರ ಭಾನುವಾರ ಯಾಕೆ ಕೆಡಿಸ್ಕೋತೀಯ? ಬಾ, ಅಂಗಿ ಹಾಕ್ಕೋ, ಬಿಸಿಯಾಗಿದೆ."

ಅವನು ಬಂದು ಅಂಗಿ ಹಾಕಿಕೊಂಡ. ಇಬ್ಬರೂ ಚರ್ಚಿಗೆ ಹೋದರು. ಮಧ್ಯಾಹ್ನ ಕುರಿಮಾಂಸ, ಆಲೂಗಡ್ಡೆ. ಊಟದ ಮೇಲೆ ವಾಟಿ ಕುರ್ಚಿಯಲ್ಲೇ ನಿದ್ದೆಹೋದ. ಹೊರಗೆ ಕಡಲು ಎಣ್ಣೆ ಸುರಿದಂತೆ ಸುಮ್ಮನಿತ್ತು.

ಸೋಮವಾರ ಎಚ್ಚರವಾದಾಗ ಬೀಚಿನ ಗುಂಡುಕಲ್ಲುಗಳು ಉರುಳುವ ಸದ್ದು ಹಾಸಿಗೆಯವರೆಗೂ ಬರುತ್ತಿತ್ತು. ವಾಟಿ ಆಗಲೇ ಬೂಟು ಹಾಕಿಕೊಂಡು ಹೋಗಿಯಾಗಿತ್ತು. ಎಫೀ ಕೋಟು ಸಿಕ್ಕಿಸಿಕೊಂಡು ಬಂದರಿಗೆ ಬಂದಾಗ, ಬಂದರು ನೋಡಿಕೊಳ್ಳುವ ಟ್ಯಾಮ್ ಇನ್ನಿಬ್ಬರ ಜೊತೆ ಸೇರಿ ಬಂದರಿನ ಬಾಯಿಗೆ ಮರದ ತೊಲೆ ಇಳಿಸುತ್ತಿದ್ದ. ಎರಡೂ ಬದಿಯ ಕಲ್ಲಿನಲ್ಲಿ ಕೊರೆದ ಸೀಳಿನೊಳಗೆ ಒಂದರ ಮೇಲೊಂದು ತೊಲೆ ಕೂತರೆ ಬಾಗಿಲು ಹಾಕಿದ ಹಾಗೆ. ಅಲೆ ಒಳಗೆ ಬರುವುದಿಲ್ಲ, ದೋಣಿ ಹೊರಗೆ ಹೋಗುವುದಿಲ್ಲ.

"ಒಂದು ಗಂಟೆ ತಡೆಯೋಕಾಗ್ತಿರಲಿಲ್ವಾ ಟ್ಯಾಮ್?" ವಾಟಿ ಕೇಳುತ್ತಿದ್ದ.

"ತಡೆದ್ರೆ ಒಳಗಿರೋ ದೋಣಿಗಳೆಲ್ಲ ಸೌದೆಯಾಗ್ತವೆ. ನಿನ್ನದೂ ಸೇರಿ." ಟ್ಯಾಮ್ ಜೇಬಿನಿಂದ ಫೋನು ತೆಗೆದ. "ನೋಡಿಲ್ಲಿ. ಈ ಕ್ಷಣದಲ್ಲಿ ನಮ್ಮೂರಲ್ಲಿ ಪಡುವಣ ಗಾಳಿ, ಮಂದವಾಗಿ ಬೀಸ್ತಾ ಇದೆ."

"ಎಲ್ಲಿ?"

"ಫೋನಲ್ಲಿ."

ಗಂಡಸರೆಲ್ಲ ನಕ್ಕರು. ನಗುವಾಗಲೇ ಒಂದು ಅಲೆ ಗೋಡೆ ಹತ್ತಿ ಬಂದು ಅವರನ್ನೆಲ್ಲ ತೋಯಿಸಿತು. ಎಫೀ ಮನೆಗೆ ಬಂದು ಗಂಜಿ ಕಾಯಿಸಿದಳು.

ಆಮೇಲಿನ ದಿನಗಳಿಗೆ ಲೆಕ್ಕವೂ ಇಲ್ಲ, ವ್ಯತ್ಯಾಸವೂ ಇಲ್ಲ. ಮಂಗಳವಾರದ ಮುನ್ಸೂಚನೆ, ಗುರುವಾರ ಗಾಳಿ ಕಡಿಮೆಯಾಗುತ್ತದೆ. ಗುರುವಾರದ್ದು, ಶನಿವಾರ. ವಾಟಿ ದಿನಕ್ಕೆ ಮೂರು ಸಲ ಬಂದರಿನ ಗೋಡೆಯ ತುದಿಗೆ ಹೋಗಿ ಬಂಡೆಗಳ ಕಡೆ ನೋಡಿ ಬರುತ್ತಿದ್ದ. ಬಿಳಿ ನೊರೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಬಂದು ಬೂಟು ಕಳಚಿ, ಬೆರಳು ಒಲೆಗೆ ಹಿಡಿದು, "ಹಾಗೇ ಇದೆ," ಎನ್ನುತ್ತಿದ್ದ. ಎಫೀ ಕಾಯುತ್ತಿದ್ದದ್ದು ಇನ್ನೊಂದು ಮಾತಿಗೆ. ನೀನು ಬೇಡ ಅಂದೆಯಲ್ಲ ಎಂದು ಅವನು ಒಂದು ಸಲ ಬೈದಿದ್ದರೆ, ತಿರುಗಿ ಬೈಯಲಿಕ್ಕಾದರೂ ಏನಾದರೂ ಸಿಗುತ್ತಿತ್ತು. ಅವನು ಬೈಯಲಿಲ್ಲ. ಕೊನೆಗೆ ಅವಳೇ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಬೇಡ ಅಂದಿದ್ದು ನಾನು."

"ಕೇಳಿದ್ದು ನಾನು."

"ಕೇಳಿದ್ರೆ ಏನಾಯ್ತು?"

"ಹೋಗಲೇಬೇಕು ಅನ್ನೋನು ಹೆಂಡ್ತಿನ ಕೇಳ್ತಾ ನಿಲ್ಲಲ್ಲ ಕಣೇ. ನೀನು ಬೇಡ ಅನ್ಲಿ ಅಂತಾನೇ ಕೇಳ್ದೆ."

ಅದು ಸಮಾಧಾನವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಶುಕ್ರವಾರ ಅವಳು ಮುನ್ಸೂಚನೆಯವರಿಗೆ ಫೋನು ಮಾಡಿದಳು. ಹಾಡು ಕೇಳಿಸಿ ಕೇಳಿಸಿ ಕಡೆಗೆ ಒಬ್ಬ ಹುಡುಗಿ ಸಿಕ್ಕಳು, ದನಿ ಮೆತ್ತಗಿತ್ತು. ಕಂಪ್ಯೂಟರು ನಾಡನ್ನೆಲ್ಲ ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತದೆಂದು ಅವಳು ತಾಳ್ಮೆಯಿಂದ ವಿವರಿಸಿದಳು.

"ನಿಮ್ಮೂರು ಬರೋ ಚೌಕ ಅರ್ಧ ನೆಲ, ಅರ್ಧ ನೀರು ಮೇಡಂ. ಅದಕ್ಕೆ ಸ್ವಲ್ಪ ಕಷ್ಟ."

"ನಾವೂ ಹಾಗೇ ಕಣಮ್ಮ, ಅರ್ಧ ನೆಲ, ಅರ್ಧ ನೀರು."

"ಯಾರಿಗಾದ್ರೂ ಅಪಾಯ ಆಗಿದೆಯಾ ಮೇಡಂ?"

"ಇಲ್ಲ. ಪಂಜರ."

"ಏನು?"

"ಬಿಡಮ್ಮ. ಪಾಪ, ನೀನೇನು ಮಾಡ್ತೀಯ. ಬೆಚ್ಚಗಿರು."

ಫೋನಿಟ್ಟ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಜಗಳ ಮಾಡಲು ಹೋಗಿ ಯಾರೋ ಹುಡುಗಿಗೆ ಬೆಚ್ಚಗಿರು ಅಂದು ಬಂದಿದ್ದಳು.

ಎಂಟನೆಯ ದಿನ ಮತ್ತೊಂದು ಸೋಮವಾರ. ಬಾಗಿಲು ತಟ್ಟಿದ್ದು ಟ್ಯಾಮ್. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಸಾವಿನ ಮನೆಗೆ ಬಂದವರ ಹಾಗೆ.

"ಬಡಗಣ ಕೊಲ್ಲಿಯಲ್ಲಿ ಬಂದು ಬಿದ್ದಿದೆ. ನೋಡಬೇಡಿ ಅನ್ನೋಣ ಅಂದ್ರೆ, ನೋಡದೆ ಇರ್ತೀರಾ?"

ಗಾಳಿಗೆ ತಲೆ ತಗ್ಗಿಸಿ ಮೂವರೂ ನಡೆದರು. ಕಲ್ಲಿನ ದಂಡೆಯ ಮೇಲೆ ಅದು ಒಂದು ದೊಡ್ಡ ಉಂಡೆಯಾಗಿ ಬಿದ್ದಿತ್ತು, ಆಳೆತ್ತರ. ಹಗ್ಗ, ಕಡಲಪಾಚಿ, ಮುರಿದ ಚೌಕಟ್ಟು, ಹಸಿರು ದಾರ ಎಲ್ಲ ಕಲಸಿಹೋಗಿದ್ದವು. ಮೂಲೆಮೂಲೆಗೂ ಒಂದು ಸುತ್ತು ಹೆಚ್ಚಿಗೆ ಹಾಕಿ ಗಂಟು ಬಿಗಿಯುವುದು ಎಫೀಯ ಅಜ್ಜಿ ಕಲಿಸಿದ ರೀತಿ. ಚೌಕಟ್ಟು ಮುರಿದಿದ್ದರೂ ಗಂಟುಗಳು ಒಂದೂ ಬಿಟ್ಟಿರಲಿಲ್ಲ. ಬಿಡದೇ ಇದ್ದದ್ದೇ ಈಗ ತೊಂದರೆ. ಒಳಗೆ ಸಿಕ್ಕಿಕೊಂಡಿದ್ದ ಏಡಿಗಳು ಇನ್ನೂ ಕಾಲಾಡಿಸುತ್ತಿದ್ದವು.

"ಎಷ್ಟಿರಬಹುದು ಇದರಲ್ಲಿ?" ಎಂದಳು ಎಫೀ.

"ಅರ್ಧಕ್ಕಿಂತ ಜಾಸ್ತಿ," ಎಂದ ವಾಟಿ.

"ಉಳಿದವು?"

ವಾಟಿ ಗದ್ದದಿಂದ ಕಡಲಿನ ಕಡೆ ತೋರಿಸಿದ.

ಎಫೀ ಅವನ ಸೊಂಟದಿಂದ ಚೂರಿ ಎಳೆದುಕೊಂಡು ಒದ್ದೆ ಕಲ್ಲಿನ ಮೇಲೆ ಕೂತಳು. ಬೆರಳು ಮಡಿಸಲು ಬರುತ್ತಿರಲಿಲ್ಲ. ಹಿಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮೊದಲ ಗಂಟು ಕೊಯ್ದಳು.

"ಏನು ಮಾಡ್ತಿದ್ದೀಯೇ? ಇದನ್ನ ರಿಪೇರಿ ಮಾಡೋಕಾಗಲ್ಲ."

"ರಿಪೇರಿಗಲ್ಲ. ಇವು ಸಾಯ್ತವೆ."

"ಹತ್ತು ಏಡಿ ಸತ್ರೆ ಕಡಲಿಗೇನೂ ಆಗಲ್ಲ."

"ನಂಗಾಗತ್ತೆ."

ಅವಳು ಕೊಯ್ಯುತ್ತಲೇ ಹೋದಳು. ಟ್ಯಾಮ್ ಮೊದಲ ಏಡಿಯನ್ನು ನೀರಿಗೆ ಎಸೆದ; ಅಲೆ ಅದನ್ನು ಹೊತ್ತು ತಂದು ಅವನ ಕಾಲ ಬಳಿಯೇ ಹಾಕಿತು. ಎರಡನೆಯ ಸಲವೂ ಹಾಗೇ. ಅವನು ಬೈದುಕೊಂಡು, ತೊಲೆ ಹಾಕಿದ ಬಂದರಿನೊಳಗಾದರೂ ಬಿಡೋಣವೆಂದು ಬಕೆಟ್ಟು ತರಲು ಹೋದ.

ವಾಟಿ ಅವಳ ಎದುರಿಗೆ ಮಂಡಿಯೂರಿದ. ಬಲೆಯ ಒಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ.

"ಸವೆಯೋವರೆಗೆ ಅಂದಿದ್ದೆ," ಎಂದ.

"ಹೂಂ."

"ಇದು ಸವೆದಿದ್ದು ಅಂತ ಆಗತ್ತಾ?"

ಎಫೀ ಇನ್ನೊಂದು ಗಂಟು ಕೊಯ್ದಳು. ಗಾಳಿ ಅವಳ ಕಣ್ಣಿನಲ್ಲಿ ನೀರು ತರಿಸುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಉಂಡೆಯ ತಳದಲ್ಲಿ ಒಂದು ಹೆಣ್ಣು ಲಾಬ್‌ಸ್ಟರ್, ಹೊಟ್ಟೆಯಡಿ ಕಪ್ಪು ಮೊಟ್ಟೆ ತುಂಬಿಕೊಂಡು, ಎರಡು ಗಂಟಿನ ನಡುವೆ ಬಿಗಿದುಹೋಗಿತ್ತು.

"ಅದನ್ನ ಮೊದಲು ಬಿಡಿಸೋಣ," ಎಂದಳು. "ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿ, ನನ್ನ ಕೈ ನಿಲ್ತಾ ಇಲ್ಲ."