ಗುಡಿಬೀದಿಯ ಬಾಯಲ್ಲಿ ನಿಂತ ಕಬ್ಬಿಣದ ಕೈಯವಳು

ಮುನೀಂದ್ರ ನನ್ನ ತಂಗಿಯ ಮಗ. ತಾಯಿ ಹೋದ ಮೇಲೆ ನನ್ನ ಹತ್ತಿರವೇ ಬೆಳೆದವನು. ಬಾಣಸವಾಡಿಯ ಹಳೇ ಊರಿನಲ್ಲಿ, ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಹಿಂದೆ ಅಲ್ಲಿ ಹಸು ಕಟ್ಟುತ್ತಿದ್ದೆವು. ಈಗ ಅಲ್ಲಿ ದೇವರುಗಳು ಮಲಗಿವೆ. ಮರದ ಚೌಕಟ್ಟಿಗೆ ಹಲಗೆ ಹೊಡೆದು, ಹಲಗೆಗೆ ತೂತು ಕೊರೆದು, ತೂತಿಗೊಂದು ಬಣ್ಣದ ಬಲ್ಬು ಸಿಕ್ಕಿಸಿದ ದೀಪದ ದೇವರುಗಳು. ಜಾತ್ರೆ, ಪಲ್ಲಕ್ಕಿ ಎಂದರೆ ಬೀದಿಯಲ್ಲಿ ಎದ್ದು ನಿಲ್ಲುತ್ತವಲ್ಲ, ಅವೇ. ಗಣಪತಿಯ ಪಕ್ಕದಲ್ಲಿ ಶಿವಾಜಿನಗರದ ಚರ್ಚಿನ ಹಬ್ಬಕ್ಕೆ ಹೋಗುವ ಮಾತೆ, ಅವಳ ಪಕ್ಕದಲ್ಲಿ ರಂಜಾನಿಗೆ ಪುಲಿಕೇಶಿನಗರಕ್ಕೆ ಹೋಗುವ ಚಂದ್ರ ಮತ್ತು ನಕ್ಷತ್ರ. ಎಲ್ಲವನ್ನೂ ಮಾಡಿದವನು ಮುನೀಂದ್ರ.

ಅವನ ಅಪ್ಪ ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಆ ಜಾಗದಲ್ಲಿ ಈಗ ಮನೆಗಳೆದ್ದಿವೆ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಇವನು ಫೇಲಾಗಿ ಕೂತುಬಿಟ್ಟ ಮೇಲೆ, ನಮ್ಮ ಮನೆಯವರು ಇವನನ್ನು ಶಿವಾಜಿನಗರದ ಹಸನ್ ಸಾಬರ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟರು. ದೀಪದ ಬೋರ್ಡು ಕಟ್ಟುವುದರಲ್ಲಿ ಆ ಕಾಲಕ್ಕೆ ಅವರದು ದೊಡ್ಡ ಹೆಸರು. ಅವರು ಮೊದಲ ದಿನ ಹೇಳಿಕೊಟ್ಟ ಮಾತನ್ನು ಮುನೀಂದ್ರ ಮನೆಗೆ ಬಂದು ನನಗೆ ಹೇಳಿದ್ದ. "ದೀಪ ಹತ್ತೋದನ್ನ ಎಲ್ರೂ ನೋಡ್ತಾರೆ ಬೇಟಾ. ನೀನು ಆರೋದನ್ನ ನೋಡ್ಕೊ. ಆರೋದು ಸರಿಯಾಗಿದ್ರೆ ನಿಂತಿರೋದು ನಡಿಯೋ ಹಂಗೆ ಕಾಣತ್ತೆ." ತಾಮ್ರದ ಪಟ್ಟಿ ಸುತ್ತಿದ ಒಂದು ಉರುಳೆ ಮೋಟಾರಿನಲ್ಲಿ ತಿರುಗುತ್ತದೆ. ಪಟ್ಟಿ ತಾಗಿದಾಗ ಒಂದು ಸಾಲು ಹತ್ತುತ್ತದೆ, ತಪ್ಪಿದಾಗ ಆರುತ್ತದೆ. ಹಸನ್ ಸಾಬರು ಕಟ್ಟಿದ ನವಿಲು ಗರಿ ಬಿಚ್ಚುತ್ತಿದ್ದುದು ಹೀಗೆ.

ಮುನೀಂದ್ರ ಮಾತು ಕಡಿಮೆಯ ಹುಡುಗ. ಸಾರಿಗೆ ಉಪ್ಪು ಬಿದ್ದಿಲ್ಲದಿದ್ದರೂ ಉಂಡು ಎದ್ದು ಹೋಗುವವನು. ಅಂಥವನು ಒಂದು ಭಾನುವಾರ ಅಂಗಳದಲ್ಲಿ ಕೂತು ಗಂಟೆಗಟ್ಟಲೆ ಮಾತಾಡಿದ್ದನ್ನು ಕೇಳಿ, ನಾನು ಒಲೆಯ ಮೇಲಿದ್ದ ಹಾಲನ್ನೇ ಮರೆತಿದ್ದೆ.

ಅದಕ್ಕೆ ಕಾರಣ ಒಂದು ಆಟ. ಪುಲಿಕೇಶಿನಗರದಲ್ಲಿ ಮೊಹ್ಸಿನ್ ಎನ್ನುವವನು ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಅಲ್ಲಿಗೆ ವೈರಿಂಗ್ ರಿಪೇರಿಗೆ ಹೋದ ಮುನೀಂದ್ರ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಪರದೆಯ ಮುಂದೆ ನಿಂತುಬಿಟ್ಟನಂತೆ. ಪರದೆಯ ಮೇಲೆ ಒಂದು ಊರು. ಯಾವಾಗಲೂ ಮಳೆ, ಯಾವಾಗಲೂ ಕತ್ತಲು, ಗೋಡೆಗೋಡೆಗೂ ಬಣ್ಣದ ದೀಪದ ಬೋರ್ಡು. "ಇಷ್ಟೊಂದು ಬೋರ್ಡು ಯಾರ್ ಕಟ್ಟಿದ್ದು?" ಎಂದು ಇವನು ಕೇಳಿದ. ಮೊಹ್ಸಿನ್ ನಕ್ಕು, "ಕೂತ್ಕೊ ಗುರು, ನೀನೇ ಒಳಗೋಗಿ ಕೇಳು" ಎಂದು ಆಡುವ ಗುಂಡಿಗಳಿದ್ದ ಡಬ್ಬಿಯನ್ನು ಇವನ ಕೈಗೆ ಕೊಟ್ಟ.

ಆಟದ ಹೆಸರು ಟಿನ್ ಹಾರ್ಬರ್. ಮುಂದೆಂದೋ ಬರುವ ಕಾಲದ ಒಂದು ಬಂದರು. ಅಲ್ಲಿ ಮನುಷ್ಯರು ಅರ್ಧ ಮೈ, ಅರ್ಧ ಯಂತ್ರ. ಅಲ್ಲಿನ ನಾಯಕಿ ಇಲ್ಕಾ. ಎಡಗೈ ಕಬ್ಬಿಣದ್ದು, ಹೆಗಲ ಮೇಲೆ ತಗಡಿನ ಕಾಗೆ. ದೊಡ್ಡ ಕಂಪನಿಗಳವರು ಬಡವರ ಕೇರಿಯನ್ನು ನುಂಗದ ಹಾಗೆ ಅವಳು ಕಾವಲು ಕಾಯುತ್ತಾಳೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ, ಮೊಹ್ಸಿನನ ಅಂಗಡಿ ಮುಚ್ಚಿ ಅವನು ಫೋನಿನ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ, ಪ್ರತಿ ಭಾನುವಾರ ಅವರು ಸೇರುತ್ತಿದ್ದುದು ನಮ್ಮ ಶೆಡ್ಡಿನ ಮುಂದಿನ ಕಲ್ಲುಚಪ್ಪಡಿಯ ಮೇಲೆ. ಅವರು ಎಂದರೆ ಮೂರು ಜನ. ಮುನೀಂದ್ರ, ಮೊಹ್ಸಿನ್, ಮತ್ತು ಅದೇ ಆಟದ ಹುಚ್ಚು ಹಿಡಿದಿದ್ದ, ಇಂದಿರಾನಗರದ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೇಮಶ್ರೀ. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೂತಿರುತ್ತಿದ್ದೆ.

ಆಟದಲ್ಲಿ ಎರಡು ಭಾಗ ಬಂದಿತ್ತು. ಎರಡನೆಯದರ ಕೊನೆಯಲ್ಲಿ ಇಲ್ಕಾ ಸೇತುವೆಯ ಮೇಲೆ ನಿಲ್ಲುತ್ತಾಳೆ. ಊರಿನ ದೀಪಗಳು ಒಂದೊಂದಾಗಿ ಆರುತ್ತವೆ. ಅವಳು ಮುಂದಿಡಲೆಂದು ಕಾಲು ಎತ್ತುತ್ತಾಳೆ. ಅಷ್ಟಕ್ಕೇ ಪರದೆ ಕಪ್ಪು. ಮೂರನೆಯ ಭಾಗ ಬರುತ್ತದೆಂದು ಇವರು ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ಆ ಆಟ ಮಾಡುವ ಕಂಪನಿಯನ್ನು ಯಾರೋ ಕೊಂಡುಕೊಂಡರೆಂದೂ, ಅರ್ಧ ಜನರನ್ನು ಮನೆಗೆ ಕಳಿಸಿದರೆಂದೂ ಸುದ್ದಿ ಬಂತು.

"ಮುಗೀತು ಯಾರ್. ಇನ್ನೇನ್ ಬರತ್ತೆ?" ಎಂದ ಮೊಹ್ಸಿನ್.

"ನಿನ್ ಬಾಯಿಗೆ ಒಂದು ಫಿಲ್ಲಿಂಗ್ ಹಾಕಿ ಮುಚ್ಬೇಕು" ಎಂದಳು ಹೇಮಶ್ರೀ. "ಬರಲ್ಲ ಅಂತ ಅವರು ಹೇಳಿದ್ರಾ?"

"ಬರತ್ತೆ ಅಂತಾನೂ ಹೇಳಿಲ್ವಲ್ಲ."

"ಹೆಣ್ಣು ನೋಡ್ಕೊಂಡು ಹೋದೋರು ಹಿಂಗೇ ಮಾಡೋದು" ಎಂದೆ ನಾನು. "ಒಪ್ಪಿದ್ವಿ ಅನ್ನಲ್ಲ, ಬೇಡ ಅನ್ನಲ್ಲ. ನಮ್ ಕಡೆಯಿಂದ ಒಬ್ರು ಹೋಗಿ ವಿಚಾರಿಸ್ಬೇಕು."

ಮೂವರೂ ನನ್ನ ಕಡೆ ತಿರುಗಿದರು. "ಅಜ್ಜಿ ಹೇಳೋದು ಸರಿ" ಎಂದಳು ಹೇಮಶ್ರೀ.

ವಿಚಾರಿಸುವ ಕಾಲವೂ ಬಂತು. ಕಂಪನಿಯ ಹೊಸ ಯಜಮಾನರು ಲೋಕದಲ್ಲಿರುವ ಅಭಿಮಾನಿಗಳಿಗೆಲ್ಲ ಒಂದು ಮಾತು ಹೇಳಿ ಕಳಿಸಿದರು. ಇಲ್ಕಾ ನಿಮಗೆ ಎಷ್ಟು ಬೇಕು ಎನ್ನುವುದನ್ನು ಒಂದು ಸಣ್ಣ ವಿಡಿಯೋ ಮಾಡಿ ತೋರಿಸಿ, ಯುಗಾದಿಯಾದ ಮೇಲಿನ ಭಾನುವಾರ ಕಡೆಯ ದಿನ ಎಂದು. ಯುಗಾದಿ ಎನ್ನುವುದು ನನ್ನ ಲೆಕ್ಕ, ಅವರು ತಾರೀಖು ಹೇಳಿದ್ದರು.

"ಕಣ್ಣೊರ್ಸೋ ಕೆಲಸ" ಎಂದ ಮೊಹ್ಸಿನ್.

ಆಗ ಮುನೀಂದ್ರ ಬಾಯಿ ತೆರೆದ. "ನಾನು ಅವಳ್ದೊಂದು ಬೋರ್ಡು ಕಟ್ತೀನಿ."

ಮೂರು ತಿಂಗಳು ಕಟ್ಟಿದ. ರಂಜಾನಿನ ಕೆಲಸದ ನಡುವೆ, ಮದುವೆ ಮನೆಗಳ ಸೀರಿಯಲ್ ಸೆಟ್ಟಿನ ನಡುವೆ, ಸಿಕ್ಕ ಹೊತ್ತಿನಲ್ಲೆಲ್ಲ ಶೆಡ್ಡಿನಲ್ಲಿ ಬಗ್ಗಿ ಕೂತಿರುತ್ತಿದ್ದ. ಅದು ಎಷ್ಟು ಎತ್ತರವಾಯಿತೆಂದರೆ ಶೆಡ್ಡಿನೊಳಗೆ ನಿಲ್ಲಿಸುವಂತಿರಲಿಲ್ಲ. ಮಲಗಿಸಿಯೇ ಕಟ್ಟಿದ. ಹೊತ್ತಿಸಿ ನೋಡಬೇಕೆಂದರೆ ಸರ್ವೆ ಮರದ ಗಳ ಕಟ್ಟಿ ಬಯಲಲ್ಲಿ ಎತ್ತಬೇಕು, ಜನರೇಟರು ಬೇಕು. ಅವೆರಡೂ ಒಟ್ಟಿಗೆ ಸಿಗುವುದು ನಮ್ಮ ಊರದೇವತೆ ಪಟಾಲಮ್ಮನ ಆರತಿಯ ದಿನ ಮಾತ್ರ. ಆ ವರ್ಷ ಆರತಿಯೂ ಅದೇ ಭಾನುವಾರ ಬಿದ್ದಿತ್ತು.

ಗುಡಿಯ ಕೆಲಸವನ್ನೆಲ್ಲ ನೋಡಿಕೊಳ್ಳುವವರು ಬೈಲಪ್ಪನವರು. ಮುನೀಂದ್ರ ಅವರ ಮುಂದೆ ಹೋಗಿ ನಿಂತು, ಬಂದ ಮಾತನ್ನು ನುಂಗಿಕೊಂಡು ವಾಪಸು ಬಂದ. ಎರಡನೇ ಸಲ ನಾನೂ ಜೊತೆಗೆ ಹೋದೆ.

"ಅಮ್ಮನ ಕೆಲಸ ಮುಗೀಲಿ. ಜನ ಉಂಡು ಎದ್ಮೇಲೆ ಹಿಂದಿನ ಬಯಲಲ್ಲಿ ಏನಾರ ಹಚ್ಕೊ" ಎಂದರು ಬೈಲಪ್ಪ. "ಆದ್ರೆ ಅಮ್ಮನ ಕೆಲಸದಲ್ಲಿ ಒಂದು ಬಲ್ಬು ಹೆಚ್ಚುಕಮ್ಮಿ ಆಗ್ಬಾರ್ದು. ಆದ್ರೆ ನಿನ್ ಬೋರ್ಡನ್ನ ಅಲ್ಲೇ ಬಿಚ್ಚಿಸ್ತೀನಿ."

ಆ ದಿನ ಎರಡು ಬೋರ್ಡುಗಳೂ ಒಂದೇ ಗಾಡಿಯಲ್ಲಿ ಹೋದವು. ಬೀದಿಯ ಬಾಯಿಗೆ ಪಟಾಲಮ್ಮ, ಹಿಂದಿನ ಬಯಲಿಗೆ ಇಲ್ಕಾ. ಗಾಡಿ ಹೊರಟ ಮೇಲೆ, ಉರುಳೆ ತಿರುಗಿಸಲು ಎರಡು ಬೋರ್ಡಿಗೂ ಇದ್ದ ಒಂದೇ ಮೋಟಾರು ಕೈಕೊಟ್ಟಿತು. ಬೇರೆ ಮೋಟಾರು ತರಲು ಮುನೀಂದ್ರ ಶಿವಾಜಿನಗರಕ್ಕೆ ಓಡಿದ. ಗಳ ಕಟ್ಟಿ ಬೋರ್ಡು ಎತ್ತುವವನು ಪಿಳ್ಳಪ್ಪ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವನಿಗೆ ಬಲ್ಬು ಹತ್ತದ ಬೋರ್ಡಿನಲ್ಲಿ ಮುಖ ಗೊತ್ತಾಗುವುದಿಲ್ಲ. ಅವನು ನೋಡುವುದು ಒಂದನ್ನೇ, ತಲೆಯ ಹಿಂದೆ ಬಲ್ಬಿನ ಪ್ರಭಾವಳಿ ಇದೆಯೇ ಎಂದು. ಇದ್ದರೆ ಅಮ್ಮ.

ಎರಡರಲ್ಲೂ ಇತ್ತು. ಹೆಂಗಸಿನ ಬೋರ್ಡು ಎಂದಮೇಲೆ ತಲೆಯ ಹಿಂದೆ ಪ್ರಭಾವಳಿ ಕಟ್ಟುವುದು ಮುನೀಂದ್ರನ ಕೈಗೆ ಅಂಟಿದ ಅಭ್ಯಾಸ. ಆಟದ ಇಲ್ಕಾಗೆ ಅದಿಲ್ಲ. ಇವನು ಕಟ್ಟುವಾಗ ಯೋಚಿಸಿಯೇ ಇರಲಿಲ್ಲ. ಎರಡರಲ್ಲಿ ಇಲ್ಕಾಳ ಪ್ರಭಾವಳಿಯೇ ದೊಡ್ಡದಾಗಿತ್ತು. ಪಿಳ್ಳಪ್ಪ ದೊಡ್ಡದನ್ನು ಬೀದಿಯ ಬಾಯಿಗೆ ಎತ್ತಿದ.

ಸಂಜೆ ಹೊತ್ತು ಮುಳುಗುತ್ತಿದ್ದಂತೆ ನಾವು ಹೆಂಗಸರು ಹೊರಟೆವು. ಅಕ್ಕಿ ಹಿಟ್ಟು, ಬೆಲ್ಲ ಕಲಸಿ ತಂಬಿಟ್ಟು ಮಾಡಿ, ನಡುವೆ ಗುಳಿ ತೋಡಿ, ತುಪ್ಪದ ಬತ್ತಿ ಹಚ್ಚಿ, ಸುತ್ತ ಹೂವು ಕಟ್ಟಿ, ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೋಗುವುದು ನಮ್ಮ ಕಡೆಯ ಆರತಿ. ಎಲ್ಲರಿಗಿಂತ ಮುಂದೆ ಚಿಕ್ಕಮುನಿಯಮ್ಮ, ನಮ್ಮೆಲ್ಲರಿಗಿಂತ ಹಿರಿಯಳು, ಕಣ್ಣು ಮಂಜು. ಅವಳ ಹಿಂದೆ ನಾನು. ತಮಟೆಯವರು ಬಡಿಯುತ್ತಿದ್ದರು.

ಅಷ್ಟು ಹೊತ್ತಿಗೆ ಮುನೀಂದ್ರ ಬೆವರು ಒರೆಸಿಕೊಳ್ಳುತ್ತ ಬಂದು, ಕತ್ತಲಲ್ಲೇ ಬೋರ್ಡಿನ ಹಿಂಬದಿಯಲ್ಲಿ ಮೋಟಾರು ಜೋಡಿಸಿ, ಮುಂದೆ ಬಂದು ನೋಡದೆಯೇ ಸ್ವಿಚ್ಚು ಹಾಕಿದ.

ಆಕಾಶದ ಎತ್ತರಕ್ಕೆ ಒಬ್ಬ ಹೆಂಗಸು ಹತ್ತಿಕೊಂಡಳು. ನೀಲಿ ಮೈ. ಬೆಳ್ಳಿ ಬಣ್ಣದ ಕೈ. ಹೆಗಲ ಮೇಲಿನ ಕಾಗೆ ರೆಕ್ಕೆ ಬಡಿಯಿತು. ಅವಳ ಸುತ್ತ ಬಿಳಿ ಬಲ್ಬಿನ ಮಳೆ ಸುರಿಯುತ್ತಿತ್ತು. ಅವಳು ಕಾಲೆತ್ತಿದಳು. ಆಮೇಲೆ, ಆ ಆಟದಲ್ಲಿ ಎಂದೂ ಮಾಡದಿದ್ದುದನ್ನು ಮಾಡಿದಳು. ಕಾಲು ಇಟ್ಟಳು. ಇನ್ನೊಂದು ಎತ್ತಿದಳು, ಅದನ್ನೂ ಇಟ್ಟಳು. ನಮ್ಮ ಊರಿನ ಕಡೆಗೆ ನಡೆದು ಬರುತ್ತಿದ್ದಳು.

ತಮಟೆ ನಿಂತಿತು. ಹೆಂಗಸರ ಸಾಲು ನಿಂತಿತು. ಮೊಹ್ಸಿನ್ ಫೋನು ಹಿಡಿದುಕೊಂಡು ಗಳದ ಪಕ್ಕದಲ್ಲಿದ್ದ. ಆರತಿಯ ಸಾಲಿನ ಕಡೆ ಹಿಡಿದಿದ್ದ ಅದನ್ನು ಮೇಲೆತ್ತಿ, ಅವಳನ್ನೂ ವಿಡಿಯೋ ತೆಗೆಯತೊಡಗಿದ. ಹೇಮಶ್ರೀ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆರತಿ ಹೊತ್ತವರಲ್ಲಿ ಆ ದೀಪದ ಹೆಂಗಸು ಯಾರೆಂದು ಗೊತ್ತಿದ್ದವಳು ನಾನೊಬ್ಬಳೇ.

ಚಿಕ್ಕಮುನಿಯಮ್ಮ ಕತ್ತೆತ್ತಿ ನೋಡಿದಳು. "ಈ ವರ್ಷ ಅಮ್ಮ ಕಾಗೆ ಸಾಕವ್ಳೆ" ಎಂದಳು. ತಟ್ಟೆ ಇಳಿಸಿ ಆರತಿ ಬೆಳಗಿಬಿಟ್ಟಳು.

ಮುಂದಿನ ಸರದಿ ನನ್ನದು. ನಾನು ಮೇಲೆ ನೋಡಿದೆ. ಎಷ್ಟೋ ಭಾನುವಾರ ಅವಳ ಕಷ್ಟಸುಖ ಕೇಳಿದ್ದೇನೆ. ಗೊತ್ತಿಲ್ಲದವರು ಬೆಳಗಿರುವಾಗ ಗೊತ್ತಿರುವ ನಾನು ಸುಮ್ಮನಿರಲೇ? ನಾನೂ ಬೆಳಗಿದೆ. ನನ್ನ ಹಿಂದಿದ್ದವರೆಲ್ಲ ಬೆಳಗಿದರು.

ಆಗ ಬೈಲಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಮುನೀಂದ್ರನೂ ಬೋರ್ಡಿನ ಹಿಂದಿನಿಂದ ಮುಂದೆ ಬಂದ. ನೋಡಿದ. ಸ್ವಿಚ್ಚಿನ ಕಡೆಗೆ ಕೈ ಚಾಚಿದ.

"ಮುಟ್ಟಬೇಡ" ಎಂದರು ಬೈಲಪ್ಪ. "ಆರತಿ ಆಗೋಯ್ತಲ್ಲಯ್ಯ. ಆರತಿ ಕಂಡಿದ್ದನ್ನ ನಾಳೆ ಹಾಲುಪೂಜೆ ಆಗೋವರ್ಗೂ ಆರಿಸೋ ಹಂಗಿಲ್ಲ, ಇಳಿಸೋ ಹಂಗಿಲ್ಲ. ನಿಂಗೊತ್ತಿಲ್ವಾ?"

"ಗೊತ್ತು ಬೈಲಪ್ಪಣ್ಣ."

"ಯಾರಿವ್ಳು? ಯಾವ ದೇವ್ರು?"

ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹತ್ತು ಹೆಸರು ಹೇಳಬಹುದಿತ್ತು. ಮುನೀಂದ್ರ ಎಂದ, "ದೇವ್ರಲ್ಲ ಅಣ್ಣ. ಒಂದು ಆಟದಲ್ಲಿರೋಳು. ಹೆಸರು ಇಲ್ಕಾ."

"ಆಟದಲ್ಲಿ ಏನ್ ಮಾಡ್ತಾಳೆ?"

ಆಗ ಮುನೀಂದ್ರ ಮಾತಾಡಿದ. ತಮಟೆಯವರೂ ಹೆಂಗಸರೂ ಸುತ್ತ ನಿಂತಿದ್ದರು. ಬಂದರಿನ ಕಥೆ, ಕೇರಿಯ ಕಥೆ, ಕೈ ಹೋದದ್ದು ಹೇಗೆ, ಸೇತುವೆಯ ಮೇಲೆ ನಿಂತದ್ದು ಏಕೆ, ಎಲ್ಲವನ್ನೂ ತಡವರಿಸದೆ ಹೇಳಿದ. "ಊರಿನ ಬಾಯಲ್ಲಿ ನಿಂತು ಊರು ಕಾಯ್ತಾಳೆ ಅಣ್ಣ" ಎಂದು ಮುಗಿಸಿದ.

ಬೈಲಪ್ಪ ಮೀಸೆ ತೀಡುತ್ತ ಮೇಲೆ ನೋಡಿದರು. ಇಲ್ಕಾ ಕಾಲೆತ್ತಿ ಇಟ್ಟಳು.

"ಅಮ್ಮ ಗುಡಿ ಒಳಗವ್ಳೆ. ಬೀದಿ ಬಾಯಿಗೂ ಒಬ್ಳು ಕಾವಲು ಬೇಕಲ್ಲ, ಇರ್ಲಿ" ಎಂದರು. "ಪಿಳ್ಳಪ್ಪ, ಅಮ್ಮನ ಬೋರ್ಡನ್ನ ಗುಡಿ ಮುಂದಕ್ಕೆ ತಗೊಂಡು ಎತ್ತು. ಇದಕ್ಕಿಂತ ಒಂದು ಮೊಳ ಮೇಲಿರ್ಬೇಕು."

ತಮಟೆ ಮತ್ತೆ ಶುರುವಾಯಿತು.

ಆ ವಿಡಿಯೋ ಹೊತ್ತಿಗೆ ಸರಿಯಾಗಿ ಹೋಯಿತು. ಅದರಲ್ಲಿ ನಡೆದು ಬರುವ ಇಲ್ಕಾಳೂ ಇದ್ದಾಳೆ, ತಲೆಯ ಮೇಲೆ ದೀಪ ಹೊತ್ತ ನಾವೂ ಇದ್ದೇವೆ. ಕಂಪನಿಯವರು ಅದನ್ನು ಲೋಕಕ್ಕೆಲ್ಲ ತೋರಿಸಿದರು. ಆದರೆ ಮೂರನೆಯ ಭಾಗದ ಬಗ್ಗೆ ತುಟಿ ಬಿಚ್ಚಲಿಲ್ಲ. ಬದಲಿಗೆ ಇಲ್ಕಾಳ ಚಿತ್ರವನ್ನು ಮೊದಲು ಬರೆದವರು ಮುನೀಂದ್ರನಿಗೆ ನಾಲ್ಕು ಸಾಲು ಕಳಿಸಿದರು. ಹೇಮಶ್ರೀ ಓದಿ ನಮಗೆ ಕನ್ನಡದಲ್ಲಿ ಹೇಳಿದಳು. ಮುಂದಿನದನ್ನು ಹೇಳುವ ಅಧಿಕಾರ ತಮಗಿಲ್ಲ, ಆದರೆ ತಲೆಯ ಹಿಂದಿನ ಆ ದೀಪದ ಚಕ್ರ ತಮಗೆ ಹೊಳೆದಿರಲಿಲ್ಲ, ಅದನ್ನು ನೋಡಿ ಇವತ್ತು ಮತ್ತೆ ಪೆನ್ಸಿಲ್ ಕೈಗೆ ತೆಗೆದುಕೊಂಡರಂತೆ.

"ಪೆನ್ಸಿಲ್ ತಗೊಂಡ್ರು ಅಂದ್ಮೇಲೆ ಬಂದಂಗೇ" ಎಂದಳು ಹೇಮಶ್ರೀ.

"ನಾನೂ ಪೆನ್ಸಿಲ್ ತಗೊಂಡಿದ್ದೆ, ಪರೀಕ್ಷೆಲಿ ಪಾಸಾದ್ನಾ?" ಎಂದ ಮೊಹ್ಸಿನ್. ಆದರೆ ಆ ಭಾನುವಾರ ಬೇಕರಿಯಿಂದ ದಿಲ್‌ಪಸಂದ್ ತಂದವನು ಅವನೇ, ಎಲ್ಲರಿಗಿಂತ ದೊಡ್ಡ ತುಂಡನ್ನು ಮುನೀಂದ್ರನ ತಟ್ಟೆಗೆ ಹಾಕಿದವನೂ ಅವನೇ.

ಈ ವರ್ಷ ಆರತಿಗೆ ಇನ್ನೂ ತಿಂಗಳಿರುವಾಗಲೇ ಬೈಲಪ್ಪ ಭಾನುವಾರ ನಮ್ಮ ಅಂಗಳಕ್ಕೆ ಬಂದರು. ಚಪ್ಪಡಿಯ ಮೇಲೆ ಜಾಗ ಮಾಡಿಸಿಕೊಂಡು ಕೂತರು.

"ಆ ಕೈಯೋಳ್ನ ಈ ಸಲಾನೂ ಕರ್ಕೊಂಡ್ ಬಾ ಮುನೀಂದ್ರ. ಹೆಂಗಸ್ರು ಕೇಳ್ತಾವ್ರೆ" ಎಂದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, "ಅಲ್ಲಿ, ಆ ಆಟದಲ್ಲಿ, ಇನ್ನೂ ಕಾಲೆತ್ಕೊಂಡೇ ನಿಂತವ್ಳಾ?"

"ಇನ್ನೂ ಹಂಗೇ ಅಣ್ಣ" ಎಂದ ಮುನೀಂದ್ರ.

"ಇಷ್ಟ್ ವರ್ಷ ನಿಲ್ಸೋದಾ? ಕಾಲು ನೋಯಲ್ವೇನಯ್ಯ ಅವಳಿಗೆ?"

"ಕೈ ಮಾತ್ರ ಕಬ್ಬಿಣ ಬೈಲಪ್ಪಣ್ಣ, ಕಾಲು ನಮ್ ಥರಾನೇ" ಎಂದ ಮೊಹ್ಸಿನ್.

ಮುನೀಂದ್ರ ಜೋರಾಗಿ ನಕ್ಕ. ಆಮೇಲೆ ಬೈಲಪ್ಪನವರ ಕಡೆಗೆ ಪೂರ್ತಿ ತಿರುಗಿ ಕೂತು, ಮೂರನೆಯ ಭಾಗದಲ್ಲಿ ಅವಳು ಆ ಕಾಲನ್ನು ಎಲ್ಲಿ ಇಡಬಹುದು ಎಂದು ಹೇಳಲು ಶುರುಮಾಡಿದ. ನಾನು ಅವರೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ.