ವರ್ಲನ್ ಸ್ಟಿಟ್‌ನ ಖಾಲಿ ಗೂಡು

ಹನ್ನೊಂದು ವರ್ಷ ವರ್ಲನ್ ಸ್ಟಿಟ್ ಪ್ರತಿ ಭಾನುವಾರ ಚರ್ಚಿನ ಎಡಬಾಗಿಲಲ್ಲಿ ನಿಂತಿದ್ದ. ಬಂದವರ ಕೈ ಕುಲುಕಿ, ಆ ದಿನದ ಹಾಡುಗಳ ಹಾಳೆ ಕೊಟ್ಟು, ಕೋಟಿನ ಒಳಗೆ ಸೊಂಟದಲ್ಲಿ ಪಿಸ್ತೂಲು ಸಿಗಿಸಿಕೊಂಡು ಎಲ್ಲರಿಗೂ ದೇವರ ಶಾಂತಿ ಹಾರೈಸುತ್ತಿದ್ದ. ಒಕ್ಲಹೋಮಾದ ಆ ಊರಿನ ಬ್ಯಾಪ್ಟಿಸ್ಟರಲ್ಲಿ ಗುಂಡು ಹಾಕುವವರು ಒಬ್ಬರೂ ಇರಲಿಲ್ಲ. ಗುಂಡು ಇಟ್ಟುಕೊಳ್ಳದವರೂ ಇರಲಿಲ್ಲ. ನಲವತ್ತು ವರ್ಷ ಕೊಳವೆಬಾವಿ ಕೊರೆದು ನಿವೃತ್ತನಾದವನಿಗೆ ಉಳಿದ ಕೆಲಸ ಆ ಬಾಗಿಲೊಂದೇ. ವಾರದ ಆರು ದಿನ ಅವನು ಮುದುಕ, ಏಳನೆಯ ದಿನ ಕಾವಲುಗಾರ.

ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ತಡೆಯಲೆಂದು ಚರ್ಚು ಕಟ್ಟಿದ್ದ ಬಾಗಿಲ ತಂಡದ ಆರು ಜನ ಶನಿವಾರ ಬೆಳಿಗ್ಗೆ ಕೆಫೆಯಲ್ಲಿ ಸೇರಿ, ಬನ್ನಿನಂಥ ಬಿಸಿ ಬಿಸ್ಕಿಟ್ ಮೇಲೆ ಬಿಳಿ ಗ್ರೇವಿ ಸುರಿದುಕೊಂಡು ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದರು: ನಳಿಗೆಯ ಬುಡದ ಗೂಡಿನಲ್ಲಿ ಗುಂಡು ಮೊದಲೇ ಕೂತಿರಬೇಕೋ, ಬೇಡವೋ. ಕೂತಿದ್ದರೆ ಕುದುರೆ ಎಳೆದ ಕೂಡಲೇ ಹಾರುತ್ತದೆ. ಇಲ್ಲವಾದರೆ ಒಂದು ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆ ಜಗ್ಗಿ ಬಿಡಬೇಕು. ಆಗ ಹಿಡಿಯೊಳಗಿನ ಮ್ಯಾಗಜಿನ್‌ನಿಂದ ಒಂದು ಗುಂಡು ಮೇಲೇರಿ ಗೂಡು ಸೇರುತ್ತದೆ.

ತಂಡದ ಯಜಮಾನ ಡೆಲ್ಬರ್ಟ್ ಪ್ರೂಯಿಟ್, ಶೆರೀಫನ ಕೈಕೆಳಗೆ ದುಡಿದು ಬಂದವನು. ಊರಿಗೆಲ್ಲ ಪಿಸ್ತೂಲು ಹಿಡಿಯಲು ಕಲಿಸಿದವನೂ ಅವನೇ.

"ಖಾಲಿ ಗೂಡು ಅಂದ್ರೆ ಹಲ್ಸೆಟ್ಟು ಜೇಬಲ್ಲಿಟ್ಕೊಂಡು ಊಟಕ್ಕೆ ಕೂತಂಗೆ ಕಣಯ್ಯಾ," ಎನ್ನುತ್ತಿದ್ದ.

"ನನ್ನ ಹಲ್ಲು ಬಾಯಲ್ಲೇ ಇದೆ. ನಿಂದು ನೋಡ್ಕೋ," ಎನ್ನುತ್ತಿದ್ದ ವರ್ಲನ್.

ಅವನ ಗೂಡು ಖಾಲಿ. ಹೆಂಡತಿ ಒಲೀಟಾಗೆ ಮಾತು ಕೊಟ್ಟಿದ್ದ. "ತುಂಬಿದ್ದನ್ನ ಸೊಂಟಕ್ಕೆ ಸಿಗಿಸ್ಕೊಂಡು ಬಂದು ನನ್ನ ತಬ್ಬಬೇಡ," ಅಂದಿದ್ದಳು, ಅವಳಿಗೆ ಎಲ್ಲವೂ ನೆನಪಿರುತ್ತಿದ್ದ ಕಾಲದಲ್ಲಿ. ಈಗ ಅವಳಿಗೆ ಮಾತೂ ನೆನಪಿಲ್ಲ, ಕೆಲವು ದಿನ ಕೊಟ್ಟವನೂ ನೆನಪಿಲ್ಲ. ದಿನವಿಡೀ ಏನನ್ನೋ ಹುಡುಕುತ್ತಾಳೆ. ಏನೆಂದು ಕೇಳಿದರೆ ಸಿಕ್ಕಮೇಲೆ ಹೇಳುತ್ತೇನೆ ಎನ್ನುತ್ತಾಳೆ.

ಕಳೆದ ಫೆಬ್ರವರಿಯಲ್ಲಿ ವರ್ಲನ್‌ಗೆ ಸ್ಟ್ರೋಕ್ ಆಗಿ ಎಡಗೈ ಸತ್ತ ಮೀನಿನಂತೆ ಜೋತುಬಿತ್ತು. ಹಾಳೆಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಭಾಯಿಸಿದ. ಆದರೆ ಮೇ ತಿಂಗಳ ಗುರಿ ಅಭ್ಯಾಸದ ದಿನ ಜಾರುಪಟ್ಟಿ ಅರ್ಧ ಇಂಚೂ ಜಗ್ಗಲಿಲ್ಲ. ಡೆಲ್ಬರ್ಟ್ ನೋಡಿಬಿಟ್ಟ. ಪಕ್ಕಕ್ಕೆ ಕರೆದ.

"ಒಂದೋ ಗೂಡು ತುಂಬ್ಸು, ಇಲ್ಲಾ ಬಾಗಿಲು ಬಿಡು, ವರ್ಲನ್. ಬೇರೆ ದಾರಿ ಇಲ್ಲ."

"ತುಂಬಿದ್ದನ್ನ ಮನೇಲಿ ಎಲ್ಲಿಡ್ಲಿ ಮಾರಾಯ? ಒಂದು ಡ್ರಾಯರ್ ಬಿಡದೆ ತಡಕ್ತಾಳೆ. ನಿನ್ನೆ ನನ್ನ ಬೂಟೊಳಗೆ ಬೆಣ್ಣೆ ಸಿಕ್ತು."

"ಹಾಗಾದ್ರೆ ಬಾಗಿಲು ಬಿಡು."

ವರ್ಲನ್‌ನ ಮುಖ ನೋಡಲಾಗದೆ ಡೆಲ್ಬರ್ಟ್ ತನ್ನ ಟೋಪಿಯ ಒಳಗೆ ನೋಡಿದ. "ಸರಿ, ಒಂದ್ ಕೆಲ್ಸ ಮಾಡಣ. ಚರ್ಚಿನ ಪಾರ್ಕಿಂಗಲ್ಲಿ ನಾನೇ ತುಂಬಿಸ್ತೀನಿ. ಮನೆಗ್ ಹೋಗೋವಾಗ ನಾನೇ ಖಾಲಿ ಮಾಡ್ತೀನಿ. ಯಾರಿಗೂ ಹೇಳಲ್ಲ."

"ಕೂಸಿಗೆ ಚಡ್ಡಿ ಬದಲಾಯಿಸ್ದಂಗೆ."

"ಹೂಂ. ಪೌಡರ್ ಹಾಕೋದೊಂದು ತಪ್ತು, ಅದು ಗುಂಡೊಳಗೇ ಇದೆ."

ಬೇಸಿಗೆ ಪೂರ್ತಿ ಹಾಗೇ ನಡೆಯಿತು. ಆರಾಧನೆ ಮುಗಿದಮೇಲೆ ಡೆಲ್ಬರ್ಟನ ಪಿಕಪ್ಪಿನೊಳಗೆ ಮ್ಯಾಗಜಿನ್ ಹೊರಗೆ, ಆಮೇಲೆ ಪಟ್ಟಿ ಹಿಂದಕ್ಕೆ, ಗೂಡಿನ ಗುಂಡು ವರ್ಲನ್‌ನ ಅಂಗೈಗೆ. ಕೊನೆಗೆ ಮ್ಯಾಗಜಿನ್ ಮತ್ತೆ ಹಿಡಿಯೊಳಕ್ಕೆ. ಅಂಗೈಗೆ ಗುಂಡು ಬಿತ್ತೆಂದರೆ ಗೂಡು ಖಾಲಿ. ಮನೆಯಲ್ಲಿ ಪಿಸ್ತೂಲು ಬಾಗಿಲ ಪಕ್ಕದ ಗೂಟದಲ್ಲಿ, ಕೋಟಿನ ಒಳಗೇ ತೂಗುತ್ತಿತ್ತು. ಬೀಗದ ಪೆಟ್ಟಿಗೆಯೂ ಇತ್ತು, ಅದರ ಕೀಲಿ ಒಲೀಟಾ ಎಲ್ಲೋ 'ಜೋಪಾನ' ಮಾಡಿದ್ದಳು. ವರ್ಲನ್ ಚಿಂತಿಸಲಿಲ್ಲ. ಪಟ್ಟಿ ಜಗ್ಗಲು ಅವಳಿಂದಾಗದು, ಅವನಿಂದಲೂ ಆಗದು. ಐವತ್ತು ವರ್ಷ ಸಂಸಾರ ಮಾಡಿದ ಇಬ್ಬರಲ್ಲೂ ಸೇರಿ ಒಂದು ಗುಂಡು ಮೇಲೇರಿಸುವ ತಾಕತ್ತಿರಲಿಲ್ಲ. ಆ ಮನೆಗಿದ್ದ ಭದ್ರತೆ ಅಷ್ಟೇ.

ಸೆಪ್ಟೆಂಬರಿನಲ್ಲಿ ಮನೆಮನೆಯ ಅಡುಗೆ ತಂದು ಚರ್ಚಿನಲ್ಲಿ ಒಟ್ಟಿಗೆ ಉಣ್ಣುವ ಭಾನುವಾರ ಬಂತು. ಒಲೀಟಾಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಹನ್ನೆರಡಕ್ಕೆ ಹೊರಡುವವಳು, ಹಾಗಾಗಿ ವರ್ಲನ್ ಊಟಕ್ಕೆ ನಿಲ್ಲುವಂತಿರಲಿಲ್ಲ. ಡೆಲ್ಬರ್ಟನ ಮೂಗು ಆಗಲೇ ಒಳಗೆ, ಬ್ರಿಸ್ಕೆಟ್ ಮಾಂಸದ ಮುಂದೆ ಸಾಲಲ್ಲಿ ನಿಂತಿತ್ತು. "ಪೀಚ್ ಕಾಬ್ಲರ್ ಖಾಲಿ ಮಾಡ್ಬಿಡ್ತಾರೆ ಆ ನನ್ಮಕ್ಳು," ಎಂದು ಹಣ್ಣಿನ ಆ ಸಿಹಿತಿಂಡಿಯನ್ನೇ ನೆನೆಯುತ್ತಾ ಪಟ್ಟಿ ಜಗ್ಗಿದ, ಹಾರಿದ ಗುಂಡನ್ನು ಹಿಡಿದು ಸ್ನೇಹಿತನ ಅಂಗೈಗೆ ಹಾಕಿ ಓಡಿದ. ಮ್ಯಾಗಜಿನ್ ತೆಗೆಯಲೇ ಇಲ್ಲ. ಪಟ್ಟಿ ಮುಂದಕ್ಕೆ ಬರುವಾಗ ಎರಡನೆಯ ಗುಂಡನ್ನು ಮೇಲೆತ್ತಿ ಗೂಡಿನಲ್ಲಿ ಕೂರಿಸಿತ್ತು. ವರ್ಲನ್ ನೋಡಿದ್ದು ಅಂಗೈಯನ್ನು ಮಾತ್ರ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಡೆಲ್ಬರ್ಟ್ ಬೆಂಡೆಕಾಯಿ ಚೀಲ ಹಿಡಿದು ಬಂದು ಬಾಗಿಲು ತಟ್ಟಿದ. ಬಚ್ಚಲಲ್ಲಿದ್ದ ವರ್ಲನ್‌ಗೆ ಕೇಳಿಸಿದ್ದು ಗುಂಡಿನ ಸದ್ದೊಂದೇ. ಓಡಿಬಂದರೆ ಒಲೀಟಾ ಕೋಟಿನ ಪಕ್ಕ ಪಿಸ್ತೂಲು ಹಿಡಿದು ನಿಂತಿದ್ದಳು.

"ಯಾರೋ ಬಾಗ್ಲಿಗೆ ಬಂದಿದ್ರು," ಅಂದಳು.

ಬಾಗಿಲಲ್ಲಿ ಸೊಂಟದೆತ್ತರಕ್ಕೆ ತೂತು. ಆಚೆ ಡೆಲ್ಬರ್ಟ್ ಚೆಲ್ಲಿದ ಬೆಂಡೆಕಾಯಿಗಳ ನಡುವೆ ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದ. ಹೊಟ್ಟೆಗೆ ಏನೂ ಆಗಿರಲಿಲ್ಲ. ಅವನ ಹಿಂದೆ ಪಿಕಪ್ಪಿನ ರೇಡಿಯೇಟರ್ ಬುಸುಗುಡುತ್ತಿತ್ತು.

"ನಾನು ಖಾಲಿ ಮಾಡಿದ್ದೆ, ವರ್ಲನ್. ನಿನ್ನ ಕೈಗೇ ಹಾಕಿದ್ನಲ್ಲೋ..." ಅನ್ನುತ್ತಾ ತಡೆದ. ಹೊಳೆದಿರಬೇಕು. ಅಷ್ಟು ದೊಡ್ಡ ಗಂಡಸು ಬೆಂಡೆಕಾಯಿ ಆಯತೊಡಗಿದ, ಒಂದೊಂದಾಗಿ.

ವರ್ಲನ್ ಯಾರಿಗೂ ಬಾಯಿ ಬಿಡಲಿಲ್ಲ. ಬಿಟ್ಟರೆ ಡೆಲ್ಬರ್ಟನ ಬಾಗಿಲೂ ಹೋಗುತ್ತಿತ್ತು. ಅವನಿಗೂ ಅದು ಬಿಟ್ಟರೆ ಬೇರೇನಿತ್ತು? ಡೆಲ್ಬರ್ಟ್ ವರ್ಲನ್‌ನ ಪಿಸ್ತೂಲನ್ನೂ ತಂಡದವರು ಎದೆಗೆ ಸಿಗಿಸುವ ಬಿಲ್ಲೆಯನ್ನೂ ಒಯ್ದ. ಎಡಬಾಗಿಲಿಗೆ ಟ್ರ್ಯಾಕ್ಟರ್ ಮಾರುವ ಒಬ್ಬ ಹೊಸಬ ಬಂದ. ಭಾನುವಾರದ ಹಾಡುಗಳ ಹಾಗೆ ತಿಂಗಳೊಳಗೆ ಅವನ ಹೆಸರೂ ಎಲ್ಲರ ಬಾಯಿಗೆ ಬಂತು.

ಇತ್ತ ಒಲೀಟಾಗೆ ದಿನವೂ ಭಾನುವಾರ. ಬೆಳಿಗ್ಗೆ ಎದ್ದು ಅವನ ಟೈ, ಟೋಪಿ ತೆಗೆದಿಡುತ್ತಾಳೆ. "ಹೊತ್ತಾಯ್ತು, ಹೋಗು. ಬಾಗ್ಲಲ್ಲಿ ಯಾರಿದಾರೆ?" ಬುಧವಾರ ಕಣೇ ಎಂದರೆ ಅಳುತ್ತಾಳೆ. ಆದ್ದರಿಂದ ವರ್ಲನ್ ಟೈ ಕಟ್ಟಿಕೊಂಡು, ಒಂದೇ ಕೈಯಲ್ಲಿ ಅದಕ್ಕೇ ಕಾಲು ಗಂಟೆ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟುತ್ತಾನೆ. ಅಷ್ಟರಲ್ಲಿ ಅವಳು ಅಗುಳಿ ಹಾಕಿರುತ್ತಾಳೆ.

"ಯಾರದು?"

"ನಾನು ಕಣೇ, ವರ್ಲನ್."

"ವರ್ಲನ್ ಚರ್ಚಲ್ಲಿ ಬಾಗಿಲು ಕಾಯ್ತಿದಾನೆ," ಎನ್ನುತ್ತಾಳೆ ಒಲೀಟಾ, ಟೇಪು ಅಂಟಿಸಿದ ತೂತಿನ ಆಚೆಯಿಂದ. "ಅವನ ಹತ್ರ ಪಿಸ್ತೂಲಿದೆ, ಗೊತ್ತಾ? ಸುಮ್ನೆ ಹೊರಟೋಗು."

ವರ್ಲನ್ ಮತ್ತೆ ಮೆಟ್ಟಿಲ ಮೇಲೆ ಕೂರುತ್ತಾನೆ.