ಮರ ಇದೆಯಾ?

ಅವರ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಸುಟ್ಟ ಕಲೆಯೊಂದು ನುಣ್ಣಗೆ ಹೊಳೆಯುತ್ತಿತ್ತು. ಡೋನಟ್ ಅಂಗಡಿಯವರಲ್ಲವೇ, ಕಾದ ಎಣ್ಣೆ ಸಿಡಿದಿರಬೇಕು ಅಂದುಕೊಂಡಿದ್ದೆ. ಅದು ಎಣ್ಣೆಯದಲ್ಲ, ಕಾಡಿನದು. ಕಾಂಬೋಡಿಯಾದ ಅವರ ಹಳ್ಳಿಯಲ್ಲಿ ಮರದ ಬುಡದಲ್ಲಿ ಗೂಡು ಕೊರೆದು, ಅದರೊಳಗೆ ಒಂದು ಗಳಿಗೆ ಬೆಂಕಿ ಹಿಡಿದರೆ ರಾಳ ಒಸರುತ್ತದಂತೆ. ದೋಣಿಗಳ ಬಿರುಕು ಮುಚ್ಚಲು ಆ ರಾಳ ಬೇಕು. ಅದನ್ನು ಮಾರಿಯೇ ಊರಿನ ಒಲೆಗಳು ಉರಿಯುತ್ತಿದ್ದವು.

ನಾವಿಬ್ಬರೂ ವಲಸೆ ಬಂದ ಪರದೇಶದಲ್ಲಿ, ಬೆರ್ರಿಯೆಸಾ ಸ್ಟೇಷನ್ನಿನ ಹತ್ತಿರದ ಆ ಅಂಗಡಿಯಲ್ಲಿ ಕಾಫಿ ಕುಡಿಯದೆ ನಾನು ಆಫೀಸಿನ ರೈಲು ಹತ್ತಿದವನಲ್ಲ. ನಾನು ಅವರನ್ನು 'ಆಂಟಿ' ಅನ್ನುತ್ತಿದ್ದೆ. ಅವರು ನನ್ನನ್ನು 'ಸಕ್ಕರೆ ಜಾಸ್ತಿ' ಎಂದೇ ಕರೆಯುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಹರುಕುಮುರುಕು ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೆಳಗ್ಗೆ ಊರಿನಲ್ಲಿದ್ದ ತಮ್ಮನಿಗೆ ಫೋನು ಮಾಡುತ್ತಿದ್ದರು. ಹೇಗಿದ್ದೀಯ, ಊಟ ಆಯ್ತಾ, ಊಹೂಂ. ತಮ್ಮ ಭಾಷೆಯಲ್ಲಿ ಒಂದೇ ಪ್ರಶ್ನೆ, ಅರ್ಥ ಅವರೇ ನನಗೆ ಹೇಳಿದ್ದು: "ಮರ ಇದೆಯಾ?" ಆ ಕಡೆಯಿಂದ 'ಇದೆ' ಅಂದರೆ ಸಾಕು, ಫೋನಿಟ್ಟು ಟ್ರೇ ಎತ್ತಿಕೊಳ್ಳುತ್ತಿದ್ದರು.

"ತಮ್ಮ ಹೇಗಿದಾನೆ ಅಂತ ಕೇಳೋದೇ ಇಲ್ವಾ ಆಂಟಿ?" ಎಂದೆ ಒಮ್ಮೆ.

"ಅದನ್ನೇ ಕೇಳಿದ್ದು. ಮರ ಕದ್ದು ಕಡಿಯೋ ಕಳ್ಳನಾಟಾದವರು ಗರಗಸ ತಂದ್ರೆ ಅವನು ನಮ್ಮ ರಾಳದ ಮರಕ್ಕೆ ಬೆನ್ನೊರಗಿಸಿ ನಿಲ್ತಾನೆ. ಅವನನ್ನ ದಾಟದೆ ಮರ ಮುಟ್ಟೋಕಾಗಲ್ಲ. ಮರ ಇದೆ ಅಂದ್ರೆ ಅವನೂ ಇದಾನೆ."

ಡೋನಟ್ಟಿಗೆ ಸಕ್ಕರೆ ಉದುರಿಸುತ್ತಲೇ ಹೇಳಿದರು.

ಒಂದು ಶನಿವಾರ ನನ್ನ ಹೆಂಡತಿ ಕಾರಿನಿಂದ ಇಳಿಯುತ್ತಲೇ ನಕ್ಕಳು. "ರೀ, ನೋಡ್ರೀ, ನಿಮ್ಮ ಆಂಟಿ ಮರಕ್ಕೆ ಸ್ನಾನ ಮಾಡಿಸ್ತಿದಾರೆ!"

ಪಾರ್ಕಿಂಗಿನ ಮರದ ಮೇಲೆ ಯಾರೋ ಕೆಂಪು ಬಣ್ಣದ ಸುತ್ತು ಬಳಿದಿದ್ದರು. ಆಂಟಿ ಅದನ್ನು ಪಾತ್ರೆ ತಿಕ್ಕುವ ತಂತಿ ನಾರಿನಿಂದ ಉಜ್ಜುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳು ಬಾಗಿಲವರೆಗೂ ಸಾಲು ನಿಂತಿದ್ದರು.

"ಒಣಗಿದ ಕೊಂಬೆ ತೆಗೆಯೋಕೆ ಗುರುತು ಹಾಕಿರ್ತಾರೆ, ಬಿಡಿ ಆಂಟಿ."

"ಇವತ್ತು ಗುರುತು, ನಾಳೆ ಗರಗಸ," ಎಂದರು. ಉಜ್ಜುವುದನ್ನು ನಿಲ್ಲಿಸಲಿಲ್ಲ. "ಅಳಿಸಿಬಿಟ್ರೆ ಅವರು ಮತ್ತೆ ಹುಡುಕಬೇಕು. ಅಷ್ಟರಲ್ಲಿ ಊರಿನವರನ್ನೆಲ್ಲ ಕೂಗಿ ಸೇರಿಸಬಹುದು."

ಹೆಂಡತಿಯ ನಗು ನಿಂತಿತು. ಅವಳೇ ಕಾರಿನಿಂದ ನೀರಿನ ಬಾಟಲಿ ತಂದು ಆ ಬಣ್ಣದ ಮೇಲೆ ಸುರಿದಳು. ಅಂದಿನಿಂದ ಯಾವ ಮರದ ಮೇಲೆ ಬಣ್ಣ ಕಂಡರೂ ನಾನು ನಿಂತು ನೋಡುತ್ತೇನೆ.

ಕೆಲವು ತಿಂಗಳ ಮೇಲೆ ತಮ್ಮ ಒಂದು ಫೋಟೋ ಕಳಿಸಿದ. ಆಂಟಿ ಫೋನನ್ನು ನನ್ನ ಮುಖಕ್ಕೇ ಹಿಡಿದರು.

"ನನಗೆ ಕಣ್ಣು ಮಂಜು. ನೀನು ನೋಡು. ಇದು ಎಲೆಯಡಿಕೆ ಉಗುಳು ಅಲ್ವಾ? ಯಾರೋ ಉಗುಳಿರೋದಲ್ವಾ?"

ಅದು ಊರಿನಲ್ಲಿ ತಮ್ಮನಿದ್ದ ಮನೆಯ ಕಂಬ. ಅದರ ಮೇಲೆ ಕೆಂಪು ಸುತ್ತು. ಉಗುಳಿದ್ದು ಹಾಗೆ ಗುಂಡಗೆ ಬೀಳುವುದಿಲ್ಲ. ಕಳ್ಳನಾಟಾದವರು ಕಡಿಯುವ ಮರಗಳಿಗೆ ಹಾಕುತ್ತಿದ್ದ ಗುರುತನ್ನು ಈಗ ಮನೆಗೇ ಹಾಕಿದ್ದರು.

"ಬಣ್ಣ, ಆಂಟಿ," ಎಂದೆ.

ಅಂಗಡಿಯಲ್ಲಿ ಜೊತೆಗಿದ್ದ ಮಗಳು ಕೈಹಿಡಿದು ಅತ್ತರೂ ಕೇಳದೆ ಆಂಟಿ ಊರಿಗೆ ಹೊರಟುನಿಂತರು. "ತಮ್ಮನಿಗೆ ಚಿಕ್ಕ ಮಕ್ಕಳಿದಾವೆ. ಅವರನ್ನೆಲ್ಲ ಪೇಟೆಗೆ ಕಳಿಸಿ ಮರದ ಹತ್ರ ನಾನಿರ್ತೀನಿ. ಮುದುಕಿ ಮೇಲೆ ಕೈ ಮಾಡೋಕೆ ಅವರಿಗೂ ಅಳುಕಿರುತ್ತೆ." ಹೋಗುವ ದಿನವೂ ನನ್ನ ಕಾಫಿಗೆ ತಾವೇ ಸಕ್ಕರೆ ಹಾಕಿಕೊಟ್ಟರು.

ಆಮೇಲೆ ಅಂಗಡಿಯನ್ನು ಮಗಳು ನೋಡಿಕೊಂಡಳು. ಬೆಳಗ್ಗೆ ಅದೇ ಪ್ರಶ್ನೆಯನ್ನು ಈಗ ಅವಳು ತಾಯಿಗೆ ಕೇಳುತ್ತಿದ್ದಳು. ಉತ್ತರ ಬರುವವರೆಗೂ ನಾನು ಕೌಂಟರಿನಿಂದ ಕದಲುತ್ತಿರಲಿಲ್ಲ. ಎಷ್ಟೋ ಸಲ ರೈಲು ತಪ್ಪಿತು. 'ಇದೆ' ಎನ್ನುವುದಕ್ಕೆ ಅವರ ಭಾಷೆಯ ಮಾತು ನನಗೂ ಬಾಯಿಪಾಠವಾಗಿಹೋಯಿತು.

ಒಂದು ಸೋಮವಾರ ಆ ಕಡೆ ತಾಯಿಯ ಫೋನೆತ್ತಿದ್ದು ಗಂಡು ದನಿ, ಪೇಟೆಯಿಂದ ಊರಿಗೆ ಬಂದಿದ್ದ ಸೋದರಮಾವ. ಮಗಳು ಎಂದಿನಂತೆ ಕೇಳಿದಳು. ನನಗೆ ಗೊತ್ತಿದ್ದ ಆ ಒಂದು ಮಾತು ಬರಲಿಲ್ಲ. ಅವಳು ಫೋನು ಕೆಳಗಿಟ್ಟು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ಮರ ಇಲ್ವಂತೆ," ಅಂದಳು.